ಹಡಗುಗಳ ಅರವಟ್ಟಿಗೆ

ಭಾವನ ಫೋನು ಬಂದಾಗ ಭವ್ಯಶ್ರೀ ಹನೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮುಂದಿನ ಸೀಟಿನ ಹೆಂಗಸಿನ ಜಡೆಯಲ್ಲಿ ಬಾಡುತ್ತಿದ್ದ ಕನಕಾಂಬರವನ್ನು ಸುಮ್ಮನೆ ನೋಡುತ್ತಿದ್ದಳು. ಗಂಡನ ಅಣ್ಣ ಶಿವರುದ್ರಸ್ವಾಮಿ ಫೋನಿನಲ್ಲಿ ಎಂದೂ ಹಲೋ ಅಂದವರಲ್ಲ. ಕೊಳ್ಳೇಗಾಲದ ತಮ್ಮ ದಿನಸಿ ಅಂಗಡಿಯಲ್ಲಿ ಕೂತು ಮೂಟೆ ಹೊರುವವರಿಗೆ ಹೇಳುವ ಹಾಗೆ ನೇರ ವಿಷಯಕ್ಕೇ ಬರುತ್ತಾರೆ. "ಇವತ್ತು ಶನಿವಾರ, ಅರ್ಧ ದಿನ ಅಲ್ವ ನಿಂಗೆ? ಕಾಲೇಜು ಮುಗಿಸ್ಕಂಡು ಹಂಗೇ ಅರವಟ್ಟಿಗೆ ಹತ್ರಕ್ಕೆ ಬಂದ್ಬುಡು. ಹೊಸ ಟ್ಯಾಂಕಿಗೆ ಪೂಜೆ ಇಟ್ಕಂಡಿವ್ನಿ, ಅವ್ವನೂ ಬತ್ತಾಳೆ. ಇನ್ನೊಂದು ಕೆಲ್ಸ ಅದೆ, ಅದ ನೀನೇ ಮಾಡ್ಬೇಕು. ಪುಟ್ಟಮಾದಮ್ಮಂಗೆ ಒಂದು ಮಾತು ಹೇಳ್ಬುಡು, ಇನ್ಮೇಲೆ ಬಾವಿ ಕಟ್ಟೆ ಹತ್ತೋದು ಬ್ಯಾಡ ಅಂತ. ಬೇಲಿ ಆಚೆಗೆ ಒಂದು ನಲ್ಲಿ ಹಾಕಿಸ್ಕೊಡ್ತೀನಿ, ಎಷ್ಟು ಬೇಕೋ ಅಷ್ಟು ಹಿಡ್ಕಳ್ಲಿ. ಈ ಸಲ ಶಿವರಾತ್ರಿಗೆ ದೊಡ್ಡ ದೊಡ್ಡ ಮನೆಯೋರು ನಡ್ಕಂಡು ಬತ್ತಾವ್ರೆ. ನೀರು ಯಾರು ಮುಟ್ಟಿದ್ದು ಅಂತ ಕೇಳೋರು ಕೇಳೇ ಕೇಳ್ತಾರೆ. ನಾನು ಹೇಳಿದ್ರೆ ಜಗಳ ಅನ್ನಿಸ್ತದೆ. ನೀನು ಓದಿರೋಳು, ನಯವಾಗಿ ಹೇಳ್ತೀಯ. ನಿನ್ ಮಾತ ಅವ್ಳು ತೆಗ್ದಾಕಲ್ಲ." ಆ ಬಾವಿ ಪುಟ್ಟಮಾದಮ್ಮನದು. ಅವಳ ಗಂಡ ತೋಡಿದ್ದು. ಬಾವಿಯ ಸುತ್ತಲಿನ ಜಾಗ, ಜಾಗದ ಅಂಚಿನ ಹುಣಸೆಮರ, ಎಲ್ಲ ಅವಳದೇ. ಇಷ್ಟನ್ನೂ ಭಾವನಿಗೆ ಹೇಳಬೇಕೆಂದು ಭವ್ಯಶ್ರೀ ಬಾಯಿ ತೆರೆದಳು. "ಆಯ್ತು ಭಾವ" ಅಂದಳು.

ಫೋನು ಬ್ಯಾಗಿಗೆ ಹಾಕಿಕೊಂಡ ಮೇಲೆ ಆ 'ಆಯ್ತು ಭಾವ' ಬಾಯಲ್ಲೇ ಉಳಿದು ಕಹಿಯಾಗತೊಡಗಿತು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವಾಗ ಕೊನೆಯ ಬೆಂಚಿನಾಚೆಗೂ ಕೇಳುವ ಗಂಟಲು ತನ್ನದು, ಪ್ರಿನ್ಸಿಪಾಲರ ಎದುರಿಗೂ ತಗ್ಗಿದ್ದಲ್ಲ, ಮುಳ್ಳೂರಿನ ಈ ಗಂಡನ ಮನೆಯವರ ಎದುರು ಮಾತ್ರ ಅದಕ್ಕೆ ಏನಾಗುತ್ತದೋ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ತನ್ನ ಕಾಲ ಬರುವಷ್ಟರಲ್ಲಿ ತನಗೇ ಸೊಸೆ ಬಂದಿರುತ್ತಾಳೆ ಅನ್ನಿಸಿ ಸಿಟ್ಟು ಬಂತು. ಗಂಡನಿಗೆ ಫೋನು ಮಾಡಿದಳು. ಶಿವಕುಮಾರಸ್ವಾಮಿ ಸಮಾಧಾನದ ಮನುಷ್ಯ, ಎಲ್ಲಕ್ಕೂ ಅವನ ಹತ್ತಿರ ಒಂದು ಸಮಾಧಾನ ಇರುತ್ತದೆ. "ಹೇಳ್ಬುಡು, ಮುಗ್ದೋಯ್ತದೆ. ನಲ್ಲಿ ಹಾಕಿಸ್ಕೊಡ್ತಾರಲ್ಲ. ಆ ವಯಸ್ಸಲ್ಲಿ ಬಾವಿಲಿ ಸೇದೋದಕ್ಕಿಂತ ನಲ್ಲಿ ತಿರುಗ್ಸೋದು ಸುಖ ಅಲ್ವ?" ಎಷ್ಟು ಸರಿಯಾದ ಮಾತು. ಇವರ ಮಾತೆಲ್ಲ ಹೀಗೆಯೇ, ಒಂದೊಂದನ್ನೂ ಬಿಡಿಸಿ ನೋಡಿದರೆ ತಪ್ಪೇ ಸಿಕ್ಕುವುದಿಲ್ಲ. ಕಾಮಗೆರೆಯಲ್ಲಿ ಬಸ್ಸು ನಿಂತಾಗ ಬರಿಗಾಲಿನ ನಾಲ್ಕೈದು ಮಂದಿ ರಸ್ತೆಯ ಅಂಚಿನಲ್ಲಿ ನಡೆದು ಹೋಗುತ್ತಿದ್ದರು, ಹೆಗಲಲ್ಲಿ ಗಂಟು, ಕಾಲಿಗೆ ಸುತ್ತಿದ ಬಟ್ಟೆ. ಶಿವರಾತ್ರಿಗೆ ಇನ್ನೂ ದಿನವಿದ್ದರೂ ಮಾದಪ್ಪನ ಬೆಟ್ಟಕ್ಕೆ ಹೊರಟವರು. ಇವರು ನಾಳೆ ನಮ್ಮಲ್ಲಿ ನೀರು ಕುಡಿಯುತ್ತಾರೆ ಎಂದುಕೊಂಡಳು. ನಮ್ಮಲ್ಲಿ ಅನ್ನುವ ಮಾತು ಎಷ್ಟು ಸಲೀಸಾಗಿ ಬಂತು ಅನ್ನುವುದು ಆಮೇಲೆ ಹೊಳೆಯಿತು.

ಹರಕೆ ಅತ್ತೆಯದು. ಮದುವೆಯಾಗಿ ಎಷ್ಟು ದಿನವಾದರೂ ಮಗುವಾಗದೆ, ಸೊಸೆಯ ಹೊಟ್ಟೆಯ ಕಡೆಗೆ ಊರೆಲ್ಲ ನೋಡತೊಡಗಿದಾಗ, ಶಿವರತ್ನಮ್ಮ ಮಾದಪ್ಪನಿಗೆ ಹೇಳಿಕೊಂಡಿದ್ದರು, ಈ ಮನೆಯಲ್ಲಿ ತೊಟ್ಟಿಲು ತೂಗಿದರೆ ನಿನ್ನ ದಾರಿಯಲ್ಲಿ ನಡೆಯೋರಿಗೆ ಅರವಟ್ಟಿಗೆ ಇಡ್ತೀನಿ, ನೀರು ಮಜ್ಜಿಗೆ ಕೊಡ್ತೀನಿ ಅಂತ. ಕೋಮಲ ಹುಟ್ಟಿದಳು. ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ಭಾವನ ಕಾರಿನಲ್ಲಿ, ಜಾಗ ಹುಡುಕುತ್ತ ಹನೂರಿನಿಂದ ಬೆಟ್ಟದ ದಾರಿ ಹಿಡಿದು ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹನೂರಿನ ಹತ್ತಿರ ಹೋಟೆಲು ಅಂಗಡಿ ಇದ್ದವು, ಅಲ್ಲಿ ನೀರಿಗೆ ಯಾರಿಗೂ ಬರವಿಲ್ಲ. ಕೌದಳ್ಳಿಯಲ್ಲಿ ಬೇರೆಯವರು ಆಗಲೇ ಇಟ್ಟಿದ್ದರು. ನಡುವಿನ ದಾರಿಯಲ್ಲಿ ನೆರಳಿಲ್ಲ, ಇದ್ದ ಒಂದೆರಡು ಬಾವಿಯಲ್ಲಿ ಬಾಯಿಗಿಡಲಾಗದ ಉಪ್ಪು ನೀರು. ಹುಣಸೆಮರದ ತಿರುವಿನಲ್ಲಿ ಭಾವ ಕಾರು ನಿಲ್ಲಿಸಿ ಇಳಿದು, ಬಾವಿಯಲ್ಲಿ ಸೇದುತ್ತಿದ್ದ ಹೆಂಗಸಿನಿಂದ ನೀರು ಕೇಳಿ, ಬೊಗಸೆಯಲ್ಲಿ ಕುಡಿದು, "ಸಿಹಿ ಅದೆ" ಅಂದರು. ಆ ದಿನ ಅವರೂ ಬಾಯಾರಿದ್ದರು, ಯಾರ ಬಾವಿ ಎಂದು ಕೇಳಲಿಲ್ಲ. ಆ ಹೆಂಗಸೇ ಪುಟ್ಟಮಾದಮ್ಮ. ಇಲ್ಲೊಂದು ಅರವಟ್ಟಿಗೆ ಇಟ್ಕಳ್ಲಾ ಎಂದು ಕೇಳಿದಾಗ ಅವಳಿಗೆ ನಗುವೇ ಬಂತು. "ಮಾದಪ್ಪನ ಮಕ್ಳಿಗ ನೀರು ಕೊಡಕ ನನ್ನ ಕೇಳ್ಬೇಕಾ ಸಾ? ಇಟ್ಕಳಿ" ಅಂದಳು. ಬಾಣಂತನ ಮುಗಿಸಿ ಆಗಷ್ಟೇ ಹೊರಗೆ ಬಂದಿದ್ದ ಭವ್ಯಶ್ರೀ ಆ ಬಿಸಿಲಿಗೆ ಕಣ್ಣು ಕತ್ತಲೆ ಬಂದು ಕುಸಿದಳು. ಪುಟ್ಟಮಾದಮ್ಮ ಓಡಿ ಬಂದು ಅವಳ ತಲೆಯನ್ನು ತನ್ನ ತೊಡೆಗೆ ಆನಿಸಿಕೊಂಡು, "ಕುಡಿ ಕೂಸೇ, ಮೊದ್ಲು ಕುಡಿ" ಎಂದು ತನ್ನ ಚೊಂಬನ್ನೇ ಬಾಯಿಗೆ ಹಿಡಿದಳು. ಭವ್ಯಶ್ರೀ ಚೊಂಬಿಗೆ ತುಟಿ ಹಚ್ಚಿ ಗಟಗಟ ಕುಡಿದಳು. ಅತ್ತೆ ಕಾರಿನಲ್ಲಿ ಮಗುವನ್ನು ಹಿಡಿದು ಕೂತಿದ್ದರು, ನೋಡಲಿಲ್ಲ. ನೋಡಿದರೂ ಆ ಹೊತ್ತಿಗೆ ಏನೂ ಅನ್ನುತ್ತಿರಲಿಲ್ಲ.

ತರಗತಿಗೆ ಬಂದಾಗ ಗೋಡೆಯ ಮೇಲೆ ಲೋಕದ ನಕ್ಷೆ ಆಗಲೇ ತೂಗುತ್ತಿತ್ತು. ಪರೀಕ್ಷೆ ಹತ್ತಿರ ಬಂದದ್ದರಿಂದ ಹಳೆಯ ಪಾಠಗಳ ಪುನರಾವರ್ತನೆ. ಯೂರೋಪಿನ ವ್ಯಾಪಾರಿಗಳು ಆಫ್ರಿಕಾದ ದಕ್ಷಿಣ ತುದಿಯನ್ನು ಏಕೆ ವಸಾಹತು ಮಾಡಿಕೊಂಡರು, ನಾಲ್ಕು ಅಂಕದ ಪ್ರಶ್ನೆ. ಈ ಪಾಠ ಭವ್ಯಶ್ರೀಗೆ ನಿದ್ದೆಯಲ್ಲೂ ಬರುತ್ತದೆ. ಹಡಗು ಹೊರಟು ತಿಂಗಳುಗಳಾಗಿರುತ್ತವೆ, ಪೀಪಾಯಿಯ ನೀರು ನಾರುತ್ತಿರುತ್ತದೆ, ರೊಟ್ಟಿಯಲ್ಲಿ ಹುಳ, ಸೊಪ್ಪು ತರಕಾರಿ ಕಾಣದೆ ನಾವಿಕರ ಒಸಡು ಊದಿ ಹಲ್ಲು ಉದುರುತ್ತಿರುತ್ತವೆ. ಏಷ್ಯಾ ಇನ್ನೂ ದೂರ. ಅಂಥ ಕಡೆ ಅರ್ಧ ದಾರಿಯಲ್ಲಿ ಒಂದು ಕೊಲ್ಲಿ, ಬೆಟ್ಟದಿಂದ ಇಳಿಯುವ ಸಿಹಿನೀರಿನ ತೊರೆ, ದನ ಕುರಿ ಮೇಯಿಸಿಕೊಂಡಿರುವ ಜನ. ಡಚ್ಚರ ಕಂಪನಿಗೆ ಅಲ್ಲಿ ರಾಜ್ಯ ಕಟ್ಟುವ ಆಸೆ ಇರಲಿಲ್ಲ ಮಕ್ಕಳೇ, ಅವರಿಗೆ ಬೇಕಾಗಿದ್ದದ್ದು ನೀರು, ತರಕಾರಿ, ಮಾಂಸ, ಕಾಯಿಲೆಯವರನ್ನು ಮಲಗಿಸಲು ಒಂದು ಸೂರು. ಕೆಲಸಕ್ಕೆ ಸೇರಿದ ಮೊದಲಲ್ಲಿ ಈ ಪಾಠ ಯಾರ ತಲೆಗೂ ಹತ್ತುತ್ತಿರಲಿಲ್ಲ. ಸಮುದ್ರ ನೋಡದ ಹುಡುಗರಿಗೆ ಕೊಲ್ಲಿ ಅಂದರೇನು, ಬಂದರು ಅಂದರೇನು. ಒಂದು ದಿನ ಥಟ್ಟನೆ ಹೊಳೆದು, "ನಮ್ಮ ಬೆಟ್ಟದ ದಾರಿಯಲ್ಲಿ ಅರವಟ್ಟಿಗೆ ಇರಲ್ವ? ಇದು ಹಡಗುಗಳ ಅರವಟ್ಟಿಗೆ" ಅಂದಿದ್ದಳು. ಇಡೀ ತರಗತಿಯ ಮುಖ ಬೆಳಗಿತ್ತು. ಅವತ್ತಿನಿಂದ ಪ್ರತಿ ವರ್ಷ ಅದೇ ಮಾತು, ಅದೇ ಜಾಗದಲ್ಲಿ, ಅದೇ ಹೆಮ್ಮೆಯಿಂದ. ತನ್ನ ಅರವಟ್ಟಿಗೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದಳು.

ಇವತ್ತೂ ಬಾಯಿ ಆ ಮಾತನ್ನು ಹೇಳಿಬಿಟ್ಟಿತು. ಹೇಳಿದ ಮೇಲೆ ಕೈಯಲ್ಲಿದ್ದ ಸೀಮೆಸುಣ್ಣ ನಿಂತಿತು. ಆಮೇಲಿನದ್ದನ್ನು ಹೇಳಲೇಬೇಕಲ್ಲ. ಬೇರೆ ದೇಶದ ವ್ಯಾಪಾರಿಗಳು ಬಂದು ಜಾಗ ಹಿಡಿದರೆ ತಮ್ಮ ಹಡಗಿನ ಗತಿ ಏನು ಎಂಬ ಭಯ, ಹಾಗಾಗಿ ಕೋಟೆ. ತರಕಾರಿ ಸಾಲದು, ಹಾಗಾಗಿ ಕಂಪನಿಯ ಆಳುಗಳಿಗೇ ಜಮೀನು. ಜಮೀನಿಗೆ ಅಲ್ಲಿಯವರ ದನ ನುಗ್ಗುತ್ತವೆ, ಹಾಗಾಗಿ ಬೇಲಿ, ಕಹಿ ಬಾದಾಮಿ ಗಿಡಗಳ ದಟ್ಟ ಬೇಲಿ. ಇತಿಹಾಸದಲ್ಲಿ ಈ ಹಾಗಾಗಿ ಒಂದು ಇಲ್ಲದಿದ್ದರೆ ಪಾಠವೇ ಮುಂದೆ ಹೋಗುವುದಿಲ್ಲ. ತಮ್ಮ ಅರವಟ್ಟಿಗೆಗೂ ಮೊದಲ ವರ್ಷ ತೆಂಗಿನ ಗರಿಯ ಚಪ್ಪರ, ನಾಲ್ಕು ಗೂಟ, ಎರಡು ಮಣ್ಣಿನ ಗುಡಾಣ. ಶಿವರಾತ್ರಿ ಮುಗಿದ ಮೇಲೆ ಭಾವ ಚಪ್ಪರ ಬಿಚ್ಚಿಸಲು ಹೊರಟಾಗ ತಡೆದವಳು ಪುಟ್ಟಮಾದಮ್ಮನೇ. "ಮಾದಪ್ಪನ ಎಸ್ರಲ್ಲಿ ಊರಿದ ಗೂಟ ಕೀಳ್ಬಾರ್ದು ಕಣವ್ವ. ನನ್ಗೇನ್ ಭಾರವಾ? ಇರ್ಲಿ ಬುಡಿ." ಯಾರೂ ಕೀಳಲಿಲ್ಲ. ಗರಿ ಒಣಗಿತು, ಹಾಗಾಗಿ ಶೀಟು ಬಂತು. ಶೀಟಿನ ಕೆಳಗೆ ಕೆಸರು, ಹಾಗಾಗಿ ಸಿಮೆಂಟಿನ ನೆಲ. ಪಾತ್ರೆ ಇಡಲು ಕೋಣೆ, ಕೋಣೆಗೆ ಕಾವಲು, ಕಾವಲಿಗೆ ಪುಟ್ಟಮಾದಮ್ಮನ ಮಗ ಚಿನ್ನಸ್ವಾಮಿ. ಬೆಟ್ಟಕ್ಕೆ ಹೋಗುವವರು ವರ್ಷವಿಡೀ ಇರುತ್ತಾರೆ, ಹಾಗಾಗಿ ಬಾಳೆಹಣ್ಣು, ಬಿಸ್ಕತ್ತು, ನೀರಿನ ಬಾಟಲಿಯ ಅಂಗಡಿ. ದನ ಬರುತ್ತವೆ ಎಂದು ತಂತಿಯ ಬಲೆ. ಬಲೆ ಕಾಣಲು ಚೆನ್ನಾಗಿಲ್ಲ ಎಂದು ಅದರ ಮೇಲೆ ಕಾಗದದ ಹೂವಿನ ಬಳ್ಳಿ. ಆ ಬಳ್ಳಿಯನ್ನು ನೆಟ್ಟವಳು ಭವ್ಯಶ್ರೀ. ಬಣ್ಣ ಬಣ್ಣದ್ದು ನೋಡಿ ತಂದು ನೆಟ್ಟು ನೀರು ಹಾಕಿದ್ದಳು.

"ಮೇಡಂ." ಮಾರ್ಟಳ್ಳಿ ಕಡೆಯಿಂದ ಬರುವ ರೂಪ ಎದ್ದು ನಿಂತಿದ್ದಳು. ಮನೆಯಲ್ಲಿ ತಮಿಳು ಆಡುವ ಹುಡುಗಿ, ಕನ್ನಡವನ್ನು ಒಂದೊಂದೇ ಮಾತಾಗಿ ಇಟ್ಟು ಆಡುತ್ತಾಳೆ. "ಆ ದನದವರು ಮೊದಲು ಆ ತೊರೆಯಲ್ಲಿ ತಾನೆ ದನಕ್ಕೆ ನೀರು ಕುಡಿಸ್ತಾ ಇದ್ದದ್ದು? ಬೇಲಿ ಹಾಕಿದ ಮೇಲೆ ಎಲ್ಲಿ ಕುಡಿಸಿದ್ರು?"

"ಅದು ಪುಸ್ತಕದಲ್ಲಿ ಇಲ್ಲ."

"ಇಲ್ಲ ಮೇಡಂ. ಅದಕ್ಕೇ ಕೇಳ್ದೆ."

ಹಿಂದಿನ ಬೆಂಚಿನವರು ಕಿಸಕ್ಕೆಂದರು. ಭವ್ಯಶ್ರೀಯ ಮುಖಕ್ಕೆ ರಕ್ತ ಏರಿತು. "ಪರೀಕ್ಷೆಗೆ ಬರೋದನ್ನ ಓದು. ನಾಲ್ಕು ಅಂಕಕ್ಕೆ ನಾಲ್ಕು ಪಾಯಿಂಟು ಬರೆದ್ರೆ ಸಾಕು. ಅಧಿಕಪ್ರಸಂಗ ಎಲ್ಲ ಬೇಡ, ಕೂತ್ಕೊ." ರೂಪ ಕೂತಳು. ತುಟಿ ಬಿಗಿದು, ಪುಸ್ತಕದ ಮೇಲೆ ಬಗ್ಗಿ, ಬೆರಳಿನಿಂದ ಡೆಸ್ಕಿನ ಅಂಚನ್ನು ಉಜ್ಜತೊಡಗಿದಳು. ಒಳ್ಳೆಯ ಹುಡುಗಿ, ಎರಡು ಬಸ್ಸು ಹಿಡಿದು ಬರುತ್ತಾಳೆ, ಒಂದು ದಿನ ತಪ್ಪಿಸಿದವಳಲ್ಲ. ಆ ಹುಡುಗಿಯ ತಲೆ ಸವರಿ, ನೀನು ಕೇಳಿದ್ದೇ ಸರಿ ಕಣೇ, ನನಗೆ ಉತ್ತರ ಗೊತ್ತು, ಬೇಲಿಯ ಹೊರಗೆ ಒಂದು ನಲ್ಲಿ ಹಾಕಿಸಿಕೊಟ್ಟರು ಎಂದು ಹೇಳಿಬಿಡಬೇಕೆನ್ನಿಸಿತು. ಗಂಟೆ ಹೊಡೆಯಿತು. ನಕ್ಷೆಯನ್ನು ಸುರುಳಿ ಸುತ್ತುವಾಗ ಆಫ್ರಿಕಾ ಕೆಳಗಿನಿಂದ ಮೇಲಕ್ಕೆ ಮಡಚಿಕೊಂಡು ಹೋಯಿತು. ಅವಳು ಅದನ್ನು ಅಟೆಂಡರಿಗೆ ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದಳು.

ಬೆಟ್ಟದ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತು, ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಪುಟ್ಟಮಾದಮ್ಮ, ನಿಮಗೇ ಅನುಕೂಲ ಅಂತ. ಛೆ. ಪುಟ್ಟಮಾದಮ್ಮ, ಭಾವ ಹೇಳಿದ್ರು. ಭಾವನ ಮೇಲೆ ಹಾಕಿ ತಾನು ಜಾರಿಕೊಳ್ಳುವುದು ಎಷ್ಟು ಸುಲಭ. ಅಷ್ಟಕ್ಕೂ ಅವಳನ್ನು ಏನೆಂದು ಕರೆಯುವುದು? ತಾನು ಒಬ್ಬಳೇ ಇದ್ದಾಗ ನೀವು ಅನ್ನುತ್ತಿದ್ದವಳು ಅತ್ತೆ ಹತ್ತಿರ ಬಂದ ಕೂಡಲೆ ನೀನು ಅನ್ನುತ್ತಿದ್ದಳು, ಅದು ಪುಟ್ಟಮಾದಮ್ಮನಿಗೆ ತಿಳಿಯದೆ ಇರುತ್ತದೆಯೇ. ಅವಳೂ ಕೂಸೇ ಅನ್ನುವುದನ್ನು ಯಾವಾಗಲೋ ಬಿಟ್ಟು ಅಮ್ಮೋರೆ ಅನ್ನತೊಡಗಿದ್ದಳು. ಯಾವ ದಿನ ಬಿಟ್ಟಳು ಅಂತ ನೆನಪಾಗಲಿಲ್ಲ. ಬಹುಶಃ ಆ ಬಿಳಿ ಅಂಗಿಯ ಮನುಷ್ಯ ಬಂದ ವರ್ಷ. ಮಂಡ್ಯದ ಕಡೆಯವನು, ಕಾಲೆಲ್ಲ ಬೊಬ್ಬೆ, ಬೊಗಸೆ ಒಡ್ಡಿದವನು ಪುಟ್ಟಮಾದಮ್ಮ ಹಗ್ಗ ಹಿಡಿದು ನಿಂತದ್ದನ್ನು ಕಂಡು ಬೊಗಸೆ ಹಿಂದಕ್ಕೆ ತೆಗೆದು, "ಯಾರ ಬಾವಿ ಇದು?" ಎಂದು ಕೇಳಿದ. ಅತ್ತೆ, "ನಮ್ದೇ ಸ್ವಾಮಿ, ಕುಡೀರಿ" ಅಂದರು. ಆತ ಅನುಮಾನದಿಂದ ಪುಟ್ಟಮಾದಮ್ಮನ ಮುಖ ನೋಡಿದ. "ಊಂ ಸಾ, ಅವ್ರದೇ. ನಾನು ಕೆಲ್ಸಕ ಬಂದೋಳು" ಅಂದಳು ಪುಟ್ಟಮಾದಮ್ಮ, ಹಗ್ಗ ಕೆಳಗಿಟ್ಟಳು. ಆತ ಕುಡಿದ. ಸಂಜೆ ಭವ್ಯಶ್ರೀ ಕೇಳಿದಾಗ, ಬಾಯಾರಿ ಬಂದೋನು ಅಂಗೇ ಓಗ್ಬಾರ್ದಲ್ಲ, ಮಾದಪ್ಪ ಮೆಚ್ತನಾ ಎಂದಿದ್ದಳು. ಅಂದಿನಿಂದ ಹಬ್ಬದ ದಿನಗಳಲ್ಲಿ ಸೇದುವುದು ಬೇರೆಯವರು. ಆಮೇಲೆ ಮೋಟಾರು ಬಂತು. ಮೋಟಾರಿಗೆ ಯಾರ ಬಾವಿಯಾದರೇನು.

ಆದರೆ ಆ ನೀರು ಹುಯ್ಯುವ ಸುಖ. ಅದನ್ನು ಸುಳ್ಳು ಎಂದು ಹೇಗೆ ಹೇಳುವುದು? ಒಡೆದ ಹಿಮ್ಮಡಿ, ಧೂಳು ಮೆತ್ತಿದ ಹುಬ್ಬು, ಎದುರಿಗೆ ಬಗ್ಗಿ ಒಡ್ಡಿದ ಬೊಗಸೆ. ಚೊಂಬು ಬಾಗಿಸಿದರೆ ನೀರು ಬೊಗಸೆಗೆ ಬಿದ್ದು, ಮೊಣಕೈಯವರೆಗೆ ಇಳಿದು, ಆ ಮನುಷ್ಯನ ಗಂಟಲು ಏರಿಳಿಯುವುದು ಕಾಣುತ್ತದೆ. ಕುಡಿದು ಮುಖ ಒರೆಸಿಕೊಂಡು ಉಘೇ ಮಾದಪ್ಪ ಅನ್ನುತ್ತಾರೆ, ಅವಳಿಗೆ ಕೈಮುಗಿಯುತ್ತಾರೆ. ಹುಯ್ಯುವುದನ್ನು ಕಲಿಸಿದವರು ಅತ್ತೆ. "ಒಂದು ಗೇಣು ಮೇಲಿಂದ ಹುಯ್ಯಿ. ಚೊಂಬು ಯಾರ ಕೈಗೂ ತಾಗ್ಬಾರ್ದು. ಅವರಿಗೂ ಒಳ್ಳೇದು, ನಿಂಗೂ ಒಳ್ಳೇದು." ಎಲ್ಲರಿಗೂ ಒಂದೇ ಗೇಣು, ಅದರಲ್ಲಿ ಭೇದವೇನಿಲ್ಲ ಎಂದು ಭವ್ಯಶ್ರೀ ಆಗ ಖುಷಿಪಟ್ಟಿದ್ದಳು. ತನ್ನ ಬದುಕಿನಲ್ಲಿ ಲೆಕ್ಕಕ್ಕೆ ಬರುವ ಒಳ್ಳೆಯ ಕೆಲಸ ಅಂತ ಇದ್ದರೆ ಇದೊಂದೇ, ಇದನ್ನೂ ಕಿತ್ತುಕೊಂಡರೆ ತನ್ನ ಕೈಯಲ್ಲಿ ಉಳಿಯುವುದೇನು ಎಂದು ಕಂಬಿ ಹಿಡಿದ ಕೈಯನ್ನೇ ನೋಡಿದಳು. ಕಂಡಕ್ಟರು ಹುಣಸೆಮರ ಯಾರ್ರೀ ಎಂದು ಕೂಗಿದ.

ಇಳಿದಾಗ ಮೊದಲು ಕಂಡದ್ದು ಕಾಗದದ ಹೂ. ಈ ಸಲ ಗುಲಾಬಿ ಬಣ್ಣದ್ದು ಎಲೆಯೇ ಕಾಣದ ಹಾಗೆ ಬಿಟ್ಟಿತ್ತು. ಬೇಲಿಯ ಒಳಗೆ ಹೊಸ ಕಪ್ಪು ಟ್ಯಾಂಕಿಗೆ ಅರಿಶಿನ ಕುಂಕುಮ ಹಚ್ಚಿ ಹಾರ ಹಾಕಿತ್ತು. ಅತ್ತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತಿದ್ದರು. ಭಾವ ಬಿಳಿ ಪಂಚೆಯಲ್ಲಿ ನಿಂತು ಪೂಜೆಗೆ ಬಂದ ಕೊಳ್ಳೇಗಾಲದ ಇಬ್ಬರಿಗೆ ಟ್ಯಾಂಕಿನ ವಿಷಯ ಹೇಳುತ್ತಿದ್ದವರು, ಅವಳನ್ನು ಕಂಡು ಕಣ್ಣಿನಲ್ಲೇ ಗೇಟಿನ ಕಡೆ ತೋರಿಸಿದರು. ಗೇಟಿನ ಹೊರಗೆ, ಹುಣಸೆಮರದ ನೆರಳು ಸರಿದುಹೋದ ಬಿಸಿಲಿನಲ್ಲಿ, ಪುಟ್ಟಮಾದಮ್ಮ ಹಳದಿ ಪ್ಲಾಸ್ಟಿಕ್ ಕೊಡ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಅವಳ ಮಗ ಚಿನ್ನಸ್ವಾಮಿ ಗೇಟಿನ ಪಕ್ಕದಲ್ಲೇ, ಬೆರಳಿಗೆ ಬೀಗದ ಕೈಯ ದಾರ ಸುತ್ತುತ್ತ ಬಿಚ್ಚುತ್ತ, ಅಮ್ಮನನ್ನು ಬಿಟ್ಟು ಉಳಿದ ಎಲ್ಲವನ್ನೂ ನೋಡುತ್ತಿದ್ದ.

"ಬಂದ್ರಾ ಅಮ್ಮೋರೆ" ಅಂದಳು ಪುಟ್ಟಮಾದಮ್ಮ. "ಕೋಮಲವ್ವ ಚೆಂದಾಗವ್ಳಾ?"

"ಚೆನ್ನಾಗಿದ್ದಾಳೆ. ಬಿಸಿಲಲ್ಲಿ ಯಾಕೆ ನಿಂತಿದ್ದೀರಿ?"

"ಒಳ್ಗ ಪೂಜೆ ಆಯ್ತಾ ಅದಲ್ಲ. ಆಗ್ಲಿ ಅಂತ."

ಪೂಜೆ ಆಗಲೇ ಮುಗಿದಿತ್ತು. ಒಡೆದ ಕಾಯಿ, ಆರುತ್ತಿದ್ದ ಕರ್ಪೂರ ಇಬ್ಬರಿಗೂ ಕಾಣುತ್ತಿದ್ದವು. ಭವ್ಯಶ್ರೀ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನು ಎತ್ತಿಕೊಳ್ಳಲು ಹೋದಳು. "ಪುಟ್ಟಮಾದಮ್ಮ, ಒಂದು ಮಾತು..."

"ನಲ್ಲಿ ವಿಸ್ಯ ತಾನೆ? ಗೊತ್ತು ಬುಡಿ. ನನ್ ಮಗ್ನೇ ಏಳ್ದ, ರಾತ್ರ ಉಣ್ಣಾಗ. ಮೊಕ ನೋಡ್ಕಂಡು ಏಳ್ನಿಲ್ಲ, ತಟ್ಟೆ ನೋಡ್ಕಂಡು ಏಳ್ದ."

ಚಿನ್ನಸ್ವಾಮಿ ದಾರ ಸುತ್ತುವುದನ್ನು ನಿಲ್ಲಿಸಿದ. ಭವ್ಯಶ್ರೀಗೆ ಮೊದಲು ಆದದ್ದು ಸಮಾಧಾನ. ಅಬ್ಬ, ತಾನು ಹೇಳಬೇಕಾಗಲಿಲ್ಲವಲ್ಲ. ಮರುಗಳಿಗೆಯಲ್ಲಿ ತಾನು ಸಮಾಧಾನಪಟ್ಟದ್ದು ಯಾತಕ್ಕೆ ಎಂಬುದು ತಿಳಿದು ಮೈಯೆಲ್ಲ ನಾಚಿಕೆ ಹತ್ತಿತು. ತಟ್ಟೆ ನೋಡಿಕೊಂಡು ಹೇಳಿದ ಈ ಹುಡುಗನಿಗೂ ತನಗೂ ಏನು ವ್ಯತ್ಯಾಸ. ಅವನಿಗಾದರೂ ಹೊಟ್ಟೆಯ ಪಾಡು. ತನಗೆ ಯಾವ ಪಾಡು? ಬೆಳಗಿನಿಂದ ಕಹಿಯಾಗಿ ಕೂತಿದ್ದ 'ಆಯ್ತು ಭಾವ' ಗಂಟಲಿಗೆ ಬಂತು, ಉಗಿಯಬೇಕು ಅನ್ನಿಸಿತು. "ಕೊಡಪ್ಪ ಬೀಗದ ಕೈ" ಅಂದಳು. ಚಿನ್ನಸ್ವಾಮಿ ಒಮ್ಮೆ ಒಳಗೆ ನೋಡಿ, ಕೊಟ್ಟ. ಬೀಗ ತೆಗೆದು ಗೇಟನ್ನು ಪೂರ್ತಿ ತಳ್ಳಿದಳು. ತಳ್ಳಿದ ಸದ್ದಿಗೆ ಒಳಗಿನವರು ತಿರುಗಿದರು. ತರಗತಿಯಲ್ಲಿ ಕೇಳುವ ಗಂಟಲಿನಲ್ಲೇ ಹೇಳಿದಳು. "ಬನ್ನಿ ಪುಟ್ಟಮಾದಮ್ಮ. ನಿಮ್ಮ ಬಾವಿ ಇದು. ಬಂದು ನೀವೇ ಸೇದ್ಕೊಳ್ಳಿ."

"ಏನದು ಭವ್ಯಾ?" ಒಳಗಿನಿಂದ ಭಾವನ ದನಿ. ಸಿಟ್ಟಿರಲಿಲ್ಲ. ಕೊಳ್ಳೇಗಾಲದವರಿಬ್ಬರು ಟ್ಯಾಂಕಿನ ಕಡೆ ನೋಡುವವರಂತೆ ತಿರುಗಿಕೊಂಡರು. ಅತ್ತೆ ಕಾಲು ನೀವುವುದನ್ನು ಬಿಟ್ಟು ನೋಡುತ್ತಿದ್ದರು.

ಪುಟ್ಟಮಾದಮ್ಮ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. "ಬ್ಯಾಡಿ" ಅಂದಳು, ಮೆಲ್ಲಗೆ.

"ಯಾಕೆ ಬೇಡ? ಇದು ನಿಮ್ಮದು ಅಂತ ಎಲ್ಲರ ಮುಂದೆ ನಾನು ಹೇಳ್ತೀನಿ."

"ಏಳಿ. ಏಳ್ಬುಟ್ಟು ಯಾವ ಬಸ್ಸಿಗ ಓದೀರಿ?"

ಭವ್ಯಶ್ರೀ ಸಂಜೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ನಿಜಕ್ಕೂ ಒಂದು ಕ್ಷಣ ಯೋಚಿಸಿದಳು. ಪುಟ್ಟಮಾದಮ್ಮನ ಮುಖದಲ್ಲಿ ಕುಚೋದ್ಯವಿರಲಿಲ್ಲ, ಗೊತ್ತಿದ್ದದ್ದನ್ನು ಕೇಳಿದ್ದಳು ಅಷ್ಟೆ. "ನೀವು ಬಸ್ಸತ್ತಿ ಓಯ್ತೀರಿ ಅಮ್ಮೋರೆ. ನಾನು ನನ್ ಮಗ ಇಲ್ಲೇ ಇರ್ಬೇಕು. ಸೊಸೆ ಬೇರೆ ತುಂಬ್ದ ಬಸ್ರಿ, ಅಂವನ್ ಕೆಲ್ಸ ಓದ್ರೆ ಏನ್ ಮಾಡವು? ಇಡಿ ಅಂದೋಳು ನಾನೇ. ಗೂಟ ಕೀಳ್ಬ್ಯಾಡಿ ಅಂದೋಳೂ ನಾನೇ. ಮಾದಪ್ಪನ್ ಎಸ್ರಲ್ಲಿ ಕೊಟ್ಟದ್ದ ಈಸ್ಕಳಕ ಆದದಾ?" ಸೊಂಟದ ಕೊಡವನ್ನು ಇಳಿಸಿ ಗೇಟಿನ ಮುಂದೆ ನೆಲದ ಮೇಲಿಟ್ಟಳು. ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಇದೊಂದ ತುಂಬ್ಸಿ ಕೊಡಿ. ಒಲೆ ಮ್ಯಾಲ ಎಸ್ರಿಟ್ಟು ಬಂದಿವ್ನಿ."

ರಾಟೆ ಇನ್ನೂ ಇತ್ತು, ಮೋಟಾರು ಬಂದ ಮೇಲೆ ಪುಟ್ಟಮಾದಮ್ಮನ ಹೊರತು ಯಾರೂ ಮುಟ್ಟದೆ, ಎಣ್ಣೆ ಕಾಣದೆ ತುಕ್ಕು ಹಿಡಿದಿತ್ತು. ನಲ್ಲಿ ತಿರುಗಿಸಬಹುದಾಗಿತ್ತು, ತಿರುಗಿಸಲಿಲ್ಲ. ಹಟದಿಂದ ಹಗ್ಗ ಇಳಿಬಿಟ್ಟು ಸೇದಿದಳು. ಅಂಗೈ ಉರಿಯಿತು. ಯಾರೂ ತಡೆಯಲಿಲ್ಲ, ಅದೇ ಅವಳಿಗೆ ಹೆಚ್ಚು ಸಂಕಟವಾಯಿತು. ಭಾವನಿಗೆ ಬೇಕಾದದ್ದೇ ನಡೆಯುತ್ತಿತ್ತಲ್ಲ, ತಡೆಯುವುದು ಯಾಕೆ. ಬಿಂದಿಗೆ ತಂದು ಗೇಟಿನ ಹೊರಗಿನ ಕೊಡಕ್ಕೆ ಸುರಿದಳು. ಕೊಡ ತುಂಬಿತು. ಬಿಂದಿಗೆಯಲ್ಲಿ ಇನ್ನೂ ನೀರಿತ್ತು. ಗುಡಾಣದ ಮೇಲಿದ್ದ ಹಿತ್ತಾಳೆಯ ಚೊಂಬು ತಂದು ತುಂಬಿಕೊಂಡಳು, ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಬಿಸಿಲಿಗೆ ಪುಟ್ಟಮಾದಮ್ಮನ ತುಟಿ ಒಣಗಿ ಬಿಳಿಚಿಕೊಂಡಿತ್ತು. ಅವಳು ಹತ್ತಿರ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಎರಡು ಕೈ ಸೇರಿಸಿ ಬೊಗಸೆ ಮಾಡಿ ಒಡ್ಡಿದಳು.

"ವಸಿ ಉಯ್ಯಿ ಕೂಸೇ" ಅಂದಳು.

ಕೂಸೇ. ಭವ್ಯಶ್ರೀಯ ಕಣ್ಣು ತುಂಬಿ ಬಂದವು. ಚೊಂಬನ್ನೇ ಅವಳ ಕೈಗೆ ಕೊಡುತ್ತೇನೆ, ಬಾಯಿ ಹಚ್ಚಿ ಕುಡಿಯಲಿ, ಅವತ್ತು ನಾನು ಕುಡಿದ ಹಾಗೆ, ಎಲ್ಲರೂ ನೋಡಲಿ ಎಂದುಕೊಂಡಳು. ನಿಜವಾಗಿಯೂ ಹಾಗೇ ಎಂದುಕೊಂಡಳು, ಅದರಲ್ಲಿ ಸುಳ್ಳಿರಲಿಲ್ಲ. ಚೊಂಬು ಹಿಡಿದ ಕೈಯನ್ನು ಮುಂದಕ್ಕೆ ಚಾಚಿದಳು. ಒಡ್ಡಿದ ಬೊಗಸೆಯ ಹತ್ತಿರ ಬರುತ್ತಲೂ ಕೈ ತಾನಾಗಿಯೇ ಒಂದು ಗೇಣು ಮೇಲಕ್ಕೆ ಹೋಯಿತು. ಅಲ್ಲಿ ನಿಂತು, ಬಾಗಿತು. ನೀರು ಬಿತ್ತು. ಪುಟ್ಟಮಾದಮ್ಮ ಕುಡಿದಳು. ಮೊಣಕೈಯಿಂದ ಇಳಿದ ನೀರು ಧೂಳಿನಲ್ಲಿ ಚುಕ್ಕೆ ಚುಕ್ಕೆಯಾಗಿ ಬಿದ್ದಿತು. ಸಾಕು ಎಂದು ತಲೆಯಾಡಿಸಿ, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಮಾದಪ್ಪ ನಿನ್ ಮಕ್ಳ ಮರೀನ ತಣ್ಣಗಿಟ್ಟಿರ್ಲಿ" ಅಂದಳು. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, ಹೊಲದ ಬದುವಿನ ಮೇಲೆ ತನ್ನ ಮನೆಯ ಕಡೆಗೆ ನಡೆದುಹೋದಳು. ಚಿನ್ನಸ್ವಾಮಿ ಬಂದು ಗೇಟು ಎಳೆದುಕೊಂಡ.

ಭಾವ ಹತ್ತಿರ ಬಂದು ನಿಂತರು. "ಹೇಳ್ದ್ಯಾ?" ಎಂದು ಕೇಳಿದರು, ಎಂದಿನ ದನಿಯಲ್ಲೇ.

ಭವ್ಯಶ್ರೀ ತನ್ನ ಕೈ ನೋಡಿದಳು. ಖಾಲಿ ಚೊಂಬು ಇನ್ನೂ ಅದೇ ಎತ್ತರದಲ್ಲಿತ್ತು.

"ಹೇಳಿದೆ ಭಾವ" ಅಂದಳು.